ಹಸುವಿನ ಕರು ಹಸುವಿಗೆ

ಪುಟ್ಟೀ, ದೊಡ್ಡಮ್ಮನ ಆಶೀರ್ವಾದ.

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ರೂಮ್‌ಮೇಟ್ ನಿನ್ನ ನೋಟ್ಸ್ ಹೇಳ್ದೆ ಕೇಳ್ದೆ ಕಾಪಿ ಮಾಡ್ಕೊಂಡ್ಳು, ಅವತ್ತಿಂದ ಮಾತಿಲ್ಲ ಕತೆಯಿಲ್ಲ, ಒಂದೇ ಅಡುಗೆಮನೇಲಿ ಎರಡು ಕುಕ್ಕರ್. ತಪ್ಪು ಅವಳದ್ದೇ, ಸರಿ. ಆದ್ರೆ ನೀನಿರೋ ಡಬ್ಲಿನ್‌ನಲ್ಲೇ ರಾಯಲ್ ಐರಿಷ್ ಅಕಾಡೆಮಿ ಲೈಬ್ರರಿ ಇದೆಯಲ್ಲ, ಅಲ್ಲೊಂದು ಹಳೇ ಬೈಬಲ್ ಕೀರ್ತನೆ ಪುಸ್ತಕ ಇದೆ, ಕಾಹಖ್ ಅಂತ, ಈಗ ಉಳಿದಿರೋದು 58 ಹಾಳೆ. ಅದೂ ಕಾಪಿ ಜಗಳದ್ದೇ ಅಂತಾರೆ.

ಕೊಲಂಬಾ ಅನ್ನೋ ಸನ್ಯಾಸಿ ಗುರು ಫಿನ್ನಿಯನ್ ಪುಸ್ತಕನ ರಾತ್ರಿಯೆಲ್ಲ ಕೂತು ಕದ್ದು ಬರ್ಕೊಂಡನಂತೆ. ಗುರು ಬಿಡ್ತಾನಾ, ಪಂಚಾಯ್ತಿ ರಾಜ ಡರ್ಮಟ್ ಹತ್ರ ಹೋಯ್ತು, ಅವನು "ಹಸುವಿನ ಕರು ಹಸುವಿಗೆ, ಪುಸ್ತಕದ ಪ್ರತಿ ಪುಸ್ತಕಕ್ಕೆ" ಅಂದ. ವರ್ಷಗಟ್ಟಲೆ ಲೈಬ್ರರಿ ಕೌಂಟರ್‌ನಲ್ಲಿ ಕೂತವಳು ನಾನು, ನಂಗೆ ಆ ತೀರ್ಪು ಸರೀನೇ ಅನ್ಸುತ್ತೆ. ಆದ್ರೆ ಕೊಲಂಬಾ ಕಡೆಯವರಿಗೆ ರೋಷ ಇಳೀಲಿಲ್ಲ, 561ರ ಹೊತ್ತಿಗೆ ಕೂಲ್ ಡ್ರೆವ್ನೆ ಅನ್ನೋ ಕಡೆ ಯುದ್ಧಾನೇ ಆಯ್ತು, ಹೆಣ ಬಿದ್ವು. ಪುಸ್ತಕದ ಕಥೆ ಆಮೇಲಿನೋರು ಸೇರ್ಸಿದ್ದಿರಬಹುದು, ಯುದ್ಧ ಮಾತ್ರ ನಿಜ. 563ರಲ್ಲಿ ಕೊಲಂಬಾ 12 ಜನರನ್ನ ಕಟ್ಕೊಂಡು ದೋಣಿ ಹತ್ತಿ ಸ್ಕಾಟ್ಲೆಂಡ್ ಕಡೆ ಅಯೋನಾ ದ್ವೀಪಕ್ಕೆ ಹೋದ.

ನಂಗೆ ಬೇಕಾಗಿರೋದು ಅವನ ಕೊನೇ ದಿನ. ಅವನು ಸತ್ತು ಸುಮಾರು 100 ವರ್ಷದ ಮೇಲೆ ಅಯೋನಾದ ಅವನ ಮಠದವನೇ ಆದ ಅಡಮ್ನಾನ್ ಬರ್ದಿದ್ದು. 597ರ ಜೂನ್, ಮುದುಕ ನಡ್ಯೋಕಾಗ್ದೆ ದಾರಿ ಬದೀಲಿ ಕೂತಿದ್ದಾನೆ, ಮಠಕ್ಕೆ ಹಾಲು ಹೊರೋ ಬಿಳಿ ಕುದುರೆ ಬಂದು ಅವನೆದೆಗೆ ತಲೆ ಇಟ್ಟು ಅಳ್ತದೆ, ಆಳು ಓಡ್ಸೋಕೆ ಬಂದ್ರೆ ಬೇಡ ಬಿಡು ಅಂತಾನೆ. ಆಮೇಲೆ ಗುಡಿಸಲಲ್ಲಿ ಕೀರ್ತನೆ ಪುಸ್ತಕ ನಕಲು ಮಾಡ್ತಾ ಕೂರ್ತಾನೆ, ನೋಡು, ಆ ವಯಸ್ಸಲ್ಲೂ ಅದೇ ಕೆಲಸ! 34ನೇ ಕೀರ್ತನೆ ಅರ್ಧಕ್ಕೆ ಬಂದಾಗ ಲೇಖನಿ ಕೆಳಗಿಟ್ಟು, ಇಲ್ಲಿಗೆ ನಿಲ್ಲಿಸ್ತೀನಿ, ಮುಂದಿಂದು ಶಿಷ್ಯ ಬೈಥೀನ್ ಬರೀಲಿ ಅಂದ. ಅವತ್ತು ಮಧ್ಯರಾತ್ರಿ ಪ್ರಾಣ ಹೋಯ್ತು. ಒಂದು ಕಾಪಿಗೋಸ್ಕರ ಊರು ಬಿಟ್ಟವನು ಅಂತ ಹೆಸರಾದವನು, ತನ್ನ ಪುಟನ ಇನ್ನೊಬ್ಬರ ಕೈಗೆ ಕೊಟ್ಟು ಎದ್ದ.

ನಾನೂ ಒಂದು ಸೀರೆ ವಿಷಯಕ್ಕೆ ಓರಗಿತ್ತಿ ಹತ್ರ ಆರು ವರ್ಷ ಮಾತು ಬಿಟ್ಟಿದ್ದೆ, ಆ ಸೀರೆ ಈಗ ಎಲ್ಲಿದೆಯೋ ನಂಗೇ ಗೊತ್ತಿಲ್ಲ.

ಇವತ್ತು ಸಾರು ಮಾಡಿದ್ರೆ ಅವಳಿಗೂ ಒಂದು ಬಟ್ಟಲು ತೆಗ್ದಿಡು. ಲ್ಯಾಪ್‌ಟಾಪ್ ಪಾಸ್‌ವರ್ಡ್ ಮಾತ್ರ ಚೇಂಜ್ ಮಾಡ್ಕೋ.

ನಿನ್ನ ದೊಡ್ಡಮ್ಮ