100ರಿಂದ ಏಳು ಕಳೆಯೋದು ಬಿಡು, ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ತಲೆ ಸ್ಕ್ಯಾನ್ ಮಾಡಿಸಿದ, ಅದರಲ್ಲಿ ಸಣ್ಣ ಬಿಳಿ ಚುಕ್ಕೆ ಕಂಡ ಸುದ್ದಿಯನ್ನು ನಿನ್ನ ಅಮ್ಮ ಆಗಲೇ ಹೇಳಿದ್ದಳು. ಅದನ್ನು ಮತ್ತೆ ಎತ್ತುವುದಿಲ್ಲ. ನನ್ನನ್ನು ಕಾಡಿದ್ದು ನಿನ್ನ ಕಾಗದದ ಕೊನೆಯಲ್ಲಿ, ಸಣ್ಣಕ್ಷರದಲ್ಲಿ ಬರೆದ ಒಂದು ಸಾಲು. 'ದಿನಾ ರಾತ್ರಿ 100ರಿಂದ ಏಳೇಳು ಕಳೆಯುತ್ತಾ ಬರ್ತೀನಿ ದೊಡ್ಡಮ್ಮ, ತಪ್ಪಿದರೆ ನಿದ್ದೆ ಬರಲ್ಲ.' ಓದಿದ ಮೇಲೆ ನನಗೂ ನಿದ್ದೆ ಬರಲಿಲ್ಲ.

ಎದ್ದು ಕೂತು ನಾನೂ ಕಳೆದು ನೋಡಿದೆ. 93, 86, 79. ಆಮೇಲೆ 71 ಅಂದುಬಿಟ್ಟೆ. ಶಾಲೆಯಲ್ಲೂ ನನ್ನ ಲೆಕ್ಕ ಹೀಗೇ ಇತ್ತು ಅಂತ ನೆನಪಾಗುವಷ್ಟರಲ್ಲಿ ಎದೆ ಡವಡವ ಅನ್ನುತ್ತಿತ್ತು. ಯಾವ ಸ್ಕ್ಯಾನೂ ಮಾಡಿಸದ ನನಗೇ ಹೀಗಾದರೆ, ರಿಪೋರ್ಟ್ ದಿಂಬಿನ ಕೆಳಗಿಟ್ಟುಕೊಂಡು ಮಲಗುವ ನಿನಗೆ ಹೇಗಾಗಬೇಡ?

ನೀನು ಕಳಿಸಿದ ರಿಪೋರ್ಟನ್ನು ಪರಿಚಯದ ಡಾಕ್ಟರೊಬ್ಬರಿಗೆ ತೋರಿಸಿದೆ. ಕೇಳದೆ ತೋರಿಸಿದ್ದಕ್ಕೆ ಬೈಯಬೇಡ. ರಿಪೋರ್ಟ್ ಬರೆಯುವವರು ಸಾಮಾನ್ಯವಾಗಿ ನಮ್ಮ ಮುಖ ನೋಡಿರುವುದಿಲ್ಲವಂತೆ, ನೋಡುವುದು ಚಿತ್ರಗಳನ್ನು ಮಾತ್ರ. ಕಂಡದ್ದನ್ನೆಲ್ಲ ಬರೆಯುವುದು ಅವರ ಕೆಲಸ. ಅದಕ್ಕೇ ಕೊನೆಗೆ 'ಕ್ಲಿನಿಕಲ್ ಕೋರಿಲೇಷನ್' ಅಂತ ಹಾಕುತ್ತಾರೆ, ಅಂದರೆ ಮನುಷ್ಯರನ್ನು ನೋಡಿ ತಾಳೆ ಹಾಕಿ ಅಂತ. 'ಲೀಷನ್' ಅಂದರೆ ಗೆಡ್ಡೆ ಅಂತಲೇ ಅಲ್ಲ, ಬೇರೆ ಥರ ಕಾಣುವ ಜಾಗ ಅಷ್ಟೆ. ನಿನ್ನ ಹಾಗೆ ಮೈಗ್ರೇನ್ ಇರುವವರಲ್ಲಿ ಇಂಥ ಸಣ್ಣ ಬಿಳಿ ಚುಕ್ಕೆ ಕಾಣುವುದು ಅಪರೂಪವಲ್ಲ. ವಯಸ್ಸಾದ ಹಾಗೆ ಎಷ್ಟೋ ಜನಕ್ಕೆ ಬರುತ್ತವೆ. ಬಿಪಿ, ಶುಗರ್, ಸಿಗರೇಟಿನಿಂದ ಜಾಸ್ತಿಯಾಗುತ್ತವೆ. ಬಿಪಿ ಒಮ್ಮೆ ನೋಡಿಸಿಕೊ.

ಅವರೇ ಇನ್ನೊಂದು ಹೇಳಿದರು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ 45 ದಾಟಿದ 2000 ಜನರ ತಲೆಯನ್ನು ಸ್ಕ್ಯಾನ್ ಮಾಡಿ, 2007ರಲ್ಲಿ ಅದನ್ನು ಪ್ರಕಟಿಸಿದ್ದರಂತೆ. ನೂರಕ್ಕೆ ಸುಮಾರು ಏಳು ಜನರಲ್ಲಿ, ಅವರಿಗೇ ಗೊತ್ತಾಗದೆ ಆಗಿಹೋಗಿದ್ದ ಸ್ಟ್ರೋಕಿನ ಗುರುತಿತ್ತು. ಇಷ್ಟೊಂದು ಜನ ತಲೆಯಲ್ಲಿ ಏನೋ ಇಟ್ಟುಕೊಂಡೇ ಓಡಾಡಿಕೊಂಡಿರುತ್ತಾರೆ ಅಂತ ಸಮಾಧಾನಕ್ಕೆ ಬರೆಯಲು ಹೊರಟೆ. ಈಗ ಓದಿದರೆ ಹೆದರಿಸಿದ ಹಾಗಿದೆ. ಅಲ್ಲೂ ಏಳೇ ಬಂತು ನೋಡು!

ನಿನ್ನ ಭಯ ಚುಕ್ಕೆಯದ್ದಲ್ಲ ಅಂತ ಗೊತ್ತು. ಮರೆವು ಬಂದ ಅಜ್ಜಿಯ ಹಾಗೆ ಆಗ್ತೀನಾ ಅನ್ನೋದು. ಆ ಐದು ವರ್ಷ ನೀನೂ ಕಣ್ಣಾರೆ ಕಂಡವಳೇ. ನೀನು ಕಾಣದ್ದು ಒಂದಿದೆ. ಆಗ ನಾನು ದಿನಾ ಬೆಳಿಗ್ಗೆ ಅಮ್ಮನಿಗೆ, ಅದೇ ನಿನ್ನ ಅಜ್ಜಿಗೆ, ಪರೀಕ್ಷೆ ಇಡುತ್ತಿದ್ದೆ. ಇವತ್ತು ಯಾವ ವಾರ? ನಾನ್ಯಾರು? ನಿನಗೆಷ್ಟು ಮಕ್ಕಳು? ಸರಿಯಾಗಿ ಹೇಳಿದರೆ ನನಗೆ ಒಳ್ಳೆ ದಿನ, ತಪ್ಪಿದರೆ ಮುಖ ಊದಿಸಿಕೊಂಡು ಕೆಲಸ.

ಒಂದು ಸಂಜೆ ಒಣಗಿದ ಹೊದಿಕೆ ಮಡಿಸುತ್ತಿದ್ದೆ. ಯಾರೂ ಕರೆಯದೆ ಬಂದು ಅಮ್ಮ ಆ ಕಡೆ ತುದಿ ಹಿಡಿದಳು. ಮೂಲೆಗೆ ಮೂಲೆ ಕೂಡಿಸಿದಳು, ಸುಕ್ಕು ಹೋಗಲಿ ಅಂತ ಒಮ್ಮೆ ಜಗ್ಗಿದಳು, ನನ್ನ ಕಡೆ ನಡೆದು ಬಂದಳು. ಕೈಗೆ ಕೈ ತಾಗಿತು. ಸುಮ್ನೆ ತೆಗೆದುಕೊಳ್ಳಬಾರದಿತ್ತಾ? 'ಅಮ್ಮಾ, ನಾನ್ಯಾರು ಹೇಳು' ಅಂದೆ. ಅವಳು ತುದಿ ಬಿಟ್ಟಳು. ಹೊದಿಕೆ ನೆಲಕ್ಕೆ ಬಿತ್ತು. ಏನೋ ತಪ್ಪು ಮಾಡಿದ ಮಗುವಿನ ಹಾಗೆ ನನ್ನನ್ನೇ ನೋಡುತ್ತಾ ನಿಂತಳು. ಮತ್ತೆ ಯಾವತ್ತೂ ಮಡಿಸಲು ಬರಲಿಲ್ಲ.

ನೀನು ಈಗ ನಿನಗೇ ಅದನ್ನು ಮಾಡಿಕೊಳ್ಳುತ್ತಿದ್ದೀಯ ಅನ್ನಿಸಿ ಸಂಕಟವಾಯಿತು. ಮರೆವಿನ ಪರೀಕ್ಷೆಯಲ್ಲಿ ಡಾಕ್ಟರು ಆ ಏಳರ ಲೆಕ್ಕ ಕೇಳುವುದುಂಟು, ನಿಜ. ಆದರೆ ಅದು ಹತ್ತಾರು ಪ್ರಶ್ನೆಗಳಲ್ಲಿ ಒಂದು, ಹಗಲು ಹೊತ್ತಿನಲ್ಲಿ. ನಿದ್ದೆಗೆಟ್ಟು ಹೆದರಿದ ತಲೆಗೆ ಯಾವ ಲೆಕ್ಕ ಬರುತ್ತೆ ಹೇಳು? ನಿನಗೆ ಮುಂದೆ ಏನೂ ಆಗಲ್ಲ ಅಂತ ನಾನು ಮಾತು ಕೊಡಲಾರೆ, ನನ್ನದೇ ನನಗೆ ಗೊತ್ತಿಲ್ಲ. ಇಂಥ ನಾಲ್ಕು ಚುಕ್ಕೆ ನೋಡಿ ಯಾರಿಗೆ ಮರೆವು ಬರುತ್ತೆ ಅಂತ ಹೇಳಲಾಗದು ಅಂತ ಮಾತ್ರ ಆ ಡಾಕ್ಟರು ಎರಡು ಸಲ ಹೇಳಿದರು.

ಬುದ್ಧಿ ಹೇಳುವಷ್ಟು ದೊಡ್ಡವಳೇನಲ್ಲ ನಾನು. ಆದರೂ, ಮುಂದಿನ ಸಲ ನಿನ್ನ ಡಾಕ್ಟರ ಹತ್ತಿರ ಹೋಗುವಾಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು. ಮತ್ತೆ ಸ್ಕ್ಯಾನ್ ಬೇಕಾ, ಬೇಕಾದರೆ ಯಾವಾಗ, ಯಾಕೆ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು. ಅಕಸ್ಮಾತ್ ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಎಂದೂ ಇಲ್ಲದ ತಲೆನೋವು ಧಡಕ್ಕನೆ ಬಂದರೆ ಸೀದಾ ಆಸ್ಪತ್ರೆಗೆ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ, ಇನ್ನು ಇದಕ್ಕೂ ಕಾವಲು ಕೂರುತ್ತೀಯೇನೋ ಅಂತ.

ರಿಪೋರ್ಟನ್ನು ದಿಂಬಿನ ಕೆಳಗಿಂದ ತೆಗೆದು ನಿನ್ನ ಅಮ್ಮನ ಕೈಗೆ ಕೊಡು. ಭಾನುವಾರ ಫೋನ್ ಮಾಡು. 79 ಆದಮೇಲೆ ಎಷ್ಟು ಅಂತ ಮಾತ್ರ ಕೇಳಬೇಡ.

ನಿನ್ನ
ದೊಡ್ಡಮ್ಮ