ಎರಡು ಡಬ್ಬಿ ಕಳಿಸುತ್ತೇನೆ

ಬೀದರ್

ಪ್ರೀತಿಯ ಕೂಸೇ,

ರಂಜಾನಿನ ರೋಜಾ, ಅಂದರೆ ಉಪವಾಸ, ಬಿಡುವ ಹೊತ್ತಿಗೆ ರೂಮಿನ ಗೆಳತಿ ನಿನಗೂ ಒಂದು ತಟ್ಟೆ ಹಚ್ಚಿಟ್ಟಳು, ನೀನು ಹಸಿವಿಲ್ಲ ಅಂದೆ. ಫೋನಿನಲ್ಲಿ ನೀನು ಇದನ್ನು ಸುಮ್ನೆ ಹೇಳಿ ಮುಂದೆ ಹೋದೆ. ನನ್ನ ಮನಸ್ಸು ಮಾತ್ರ ಅಲ್ಲೇ ನಿಂತಿದೆ. ದಿನವಿಡೀ ಹನಿ ನೀರೂ ಕುಡಿಯದ ಹುಡುಗಿ, ತಾನು ಖರ್ಜೂರ ಬಾಯಿಗಿಡುವ ಮುಂಚೆ ನಿನ್ನನ್ನು ನೆನೆದಳಲ್ಲ!

ನಿನ್ನ ವಯಸ್ಸಿನಲ್ಲಿ ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಈದ್ ದಿನ ಪಕ್ಕದ ಮನೆಯಿಂದ ಶೀರ್ ಖುರ್ಮಾ, ಅವರ ಹಬ್ಬದ ಶಾವಿಗೆ ಪಾಯಸ, ಬಂತು. ನಗುತ್ತಾ ತೆಗೆದುಕೊಂಡು, ಹಿತ್ತಲಿನ ದನದ ಬಾನಿಗೆ ಸುರಿದೆ. ಬಟ್ಟಲು ಒಯ್ಯಲು ಬಂದ ಅವರ ಮಗಳು ಅದನ್ನು ನೋಡಿಬಿಟ್ಟಳು. ಏನೂ ಅನ್ನಲಿಲ್ಲ. ತೊಳೆದು ಕೊಡುತ್ತೇನೆ ಅಂದರೂ ನಿಲ್ಲದೆ ಹೋದಳು. ಅದನ್ನು ಇವತ್ತಿಗೂ ಮರೆತಿಲ್ಲ.

ನೀನು ಚಿಕ್ಕವಳಿದ್ದಾಗ ಇಲ್ಲಿನ ಸಿಖ್ಖರ ಗುರುದ್ವಾರ ನಾನಕ್ ಝೀರಾಕ್ಕೆ ಹೋಗಿದ್ದೆವು, ನೆನಪಿದೆಯಾ? ಗುರುನಾನಕರು ಬಂದಾಗ ಅಲ್ಲಿ ಸಿಹಿನೀರಿನ ಒರತೆ ಚಿಮ್ಮಿತು ಅನ್ನುತ್ತಾರೆ. ಎಲ್ಲರಿಗೂ ಊಟ ಬಡಿಸುವ ಲಂಗರಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಸಾಲಾಗಿ ಕೂತೆವು. ರೊಟ್ಟಿ ಬಂದಾಗ ನೀನು ತಟ್ಟೆ ಮುಂದೆ ಮಾಡಿದೆ. ಬಡಿಸುವವರು ಎರಡೂ ಕೈ ಚಾಚು ಎಂದು ಸನ್ನೆ ಮಾಡಿದರು. ಅಲ್ಲಿ ಸಾಹುಕಾರನೂ ಹಾಗೇ ಕೈ ಚಾಚಬೇಕು. ಸಿಖ್ಖರ ಮೂರನೇ ಗುರು ಅಮರದಾಸರು ತಮ್ಮನ್ನು ನೋಡಲು ಬಂದವರಿಗೆ 'ಮೊದಲು ಪಂಗತ್, ಆಮೇಲೆ ಸಂಗತ್' ಅನ್ನುತ್ತಿದ್ದರಂತೆ. ಮೊದಲು ಸಾಲಿನಲ್ಲಿ ಕೂತು ಉಣ್ಣು, ಮಾತು ಆಮೇಲೆ. ಅಕ್ಬರ್ ಬಾದಶಹನೂ ಹಾಗೇ ಕೂತು ಉಂಡನೆಂದು ಸಿಖ್ಖರು ಹೇಳುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸುವುದು 1699ರ ಬೈಸಾಖಿ ಹಬ್ಬದ ಕಥೆ. ಪಂಜಾಬಿನ ಆನಂದಪುರದಲ್ಲಿ ಹತ್ತನೇ ಗುರು ಗೋವಿಂದಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಐದು ಜನ ಎದ್ದರು. ಅವರಲ್ಲಿ ಒಬ್ಬರು ನಮ್ಮ ಬೀದರಿನ ಕ್ಷೌರಿಕ ಮನೆಯವರು, ಭಾಯಿ ಸಾಹಿಬ್ ಸಿಂಗ್. ಕಬ್ಬಿಣದ ಬಟ್ಟಲಲ್ಲಿ ಸಕ್ಕರೆ ನೀರು ಕದಡಿ ಗುರುಗಳು ಐವರಿಗೂ ದೀಕ್ಷೆಯೆಂದು ಕುಡಿಸಿದರು. ಆಮೇಲೆ ತಾವೇ ಆ ಐವರ ಮುಂದೆ ನಿಂತು, ನನಗೂ ಕೊಡಿ ಎಂದು ಬೇಡಿ ಕುಡಿದರು. ಗುರುವೇ ಶಿಷ್ಯರ ಮುಂದೆ ಕೈ ಚಾಚಿದರು, ಕೂಸೇ. ಕೊಡುವುದು ನಮಗೆಲ್ಲ ಬರುತ್ತದೆ. ತೆಗೆದುಕೊಳ್ಳಲು ಬರುವುದಿಲ್ಲ.

ನಮ್ಮ ಮನೆಯಲ್ಲಿ ದಿನಾ ಅನ್ನುವ ದಾಸೋಹವೂ ಇದೇ ಅಲ್ವಾ? ದಾಸೋಹಂ ಅಂದರೆ ನಾನು ದಾಸ. ನೀಡುವವನೇ ದಾಸ. ನೀನು ಬೇಡ ಅಂದರೆ ಅವನು ಯಾರಿಗೆ ದಾಸನಾಗಬೇಕು?

ಮಾಂಸ ಇದ್ದರೆ ತಿನ್ನುವುದಿಲ್ಲ ಎಂದು ನೇರ ಹೇಳು, ಅದರಲ್ಲಿ ತಪ್ಪೇನಿಲ್ಲ. ಹಸಿವಿಲ್ಲ ಅನ್ನುವ ಸುಳ್ಳು ಬೇಡ. ಖರ್ಜೂರ, ಹಣ್ಣು ತೆಗೆದುಕೋ, ಪಕ್ಕದಲ್ಲಿ ಕೂತು ತಿನ್ನು. ಒಂದು ದಿನ ನೀನೇ ಹಣ್ಣು ತಂದು ಹೆಚ್ಚಿಡು. ರೋಜಾ ಇದ್ದವರಿಗೆ ಉಣ್ಣಿಸಿದವರಿಗೂ ಅಷ್ಟೇ ಪುಣ್ಯ ಎಂದು ಅವರ ಪ್ರವಾದಿಗಳು ಹೇಳಿದ್ದಾರೆ.

ಮುಂದಿನ ವಾರ ಶೇಂಗಾ ಹೋಳಿಗೆ ಕಳಿಸುತ್ತೇನೆ. ಎರಡು ಡಬ್ಬಿ, ಒಂದು ಅವಳಿಗೆ. ಸಂಜೆ ಅವಳು ರೋಜಾ ಬಿಡುವ ತನಕ ನಿನ್ನದನ್ನೂ ತೆರೆಯಬೇಡ.

ನಿನ್ನ ದೊಡ್ಡವ್ವ