ಸೇನಾ ಭರ್ತಿಗೆ ಬಂದ ಹುಡುಗರಿಗೆ ಜ್ವರ ಹಂಚಿದ್ದು ಯಾರು?

ಮಾನ್ಯರೇ,

ಸೇನಾ ಭರ್ತಿ ರ್‍ಯಾಲಿ ಯಶಸ್ವಿಯಾಗಿ ಮುಗಿಯಿತು ಎಂಬ ವರದಿಯನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಓದಿದೆ. ಜ್ವರ ಹಿಡಿದು ಇವತ್ತಿಗೆ ಎಂಟು ದಿನ ಆಯಿತು. ಜ್ವರ ಬಿಟ್ಟಿದೆ, ಕೆಮ್ಮು ಬಿಟ್ಟಿಲ್ಲ. ವರದಿಯ ಜೊತೆ ಹಾಕಿದ ಫೋಟೊದಲ್ಲಿ ಅಧಿಕಾರಿಗಳು ಬಾವುಟ ಹಿಡಿದು ನಿಂತಿದ್ದಾರೆ. ಅವರ ಬೆನ್ನ ಹಿಂದೆ ಕಾಣುವುದು ಕ್ರೀಡಾಂಗಣದ ಶೌಚಾಲಯ. ಬಾಗಿಲಿಗೆ ಬೀಗ ಇದೆ. ಸರಿಯಾಗಿ ನೋಡಿದರೆ ಫೋಟೊದಲ್ಲೂ ಕಾಣುತ್ತದೆ.

ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ 17 ವರ್ಷ ದುಡಿದವನು. ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಗೇಟಿನ ಹತ್ತಿರ ಸಾಲು ನಿಲ್ಲಬೇಕು ಎಂದಿದ್ದರು. ಸಂಜೆಗೇ ಮಳೆ ಶುರುವಾಯಿತು. ಲಾಡ್ಜುಗಳು ತುಂಬಿದ್ದವು. ನೂರಾರು ಹುಡುಗರು ಅಂಗಡಿಗಳ ಜಗಲಿ ಮೇಲೆ, ಒದ್ದೆ ಬಟ್ಟೆಯಲ್ಲಿ, ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದರು. ಒಂದೇ ಟಾರ್ಪಾಲಿನ ಕೆಳಗೆ ಹನ್ನೆರಡು ತಲೆ ಎಣಿಸಿದೆ. ಕುಡಿಯಲು, ಮುಖ ತೊಳೆಯಲು, ಎಲ್ಲದಕ್ಕೂ ಗೇಟಿನ ಪಕ್ಕದ ಒಂದೇ ನಲ್ಲಿ. ಹತ್ತು ಗಂಟೆಗೆ ಅದೂ ನಿಂತಿತು. ನೀರಿನ ಬಾಟಲಿಗೆ ಮೂವತ್ತು ರೂಪಾಯಿ ಕೊಟ್ಟೆ.

ನಮ್ಮ ಪಕ್ಕದಲ್ಲಿದ್ದ ಹುಡುಗ ರಾತ್ರಿಯಿಡೀ ಕೆಮ್ಮುತ್ತಿದ್ದ. ಹಣೆ ಮುಟ್ಟಿದರೆ ಕೆಂಡ. ಒಳಗೆ ಡಾಕ್ಟರ್ ಇರ್ತಾರೆ, ಹೇಳೋಣ ಬಾ ಅಂದೆ. "ಬೇಡ ಅಂಕಲ್, ಹೊರಗೆ ಹಾಕ್ತಾರೆ. ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತೆ" ಎಂದು ಕೈ ಹಿಡಿದುಕೊಂಡ. ಎರಡು ಡೋಲೊ ನುಂಗಿ, ಟೀ ಕುಡಿದು, ಶೂ ಲೇಸ್ ಕಟ್ಟಿಕೊಂಡ. ಬೆಳಗಿನ ಜಾವ 1,600 ಮೀಟರ್ ಓಡಲು ಹೋದ. ಆಮೇಲೆ ಅವನು ಏನಾದ ಎಂದು ಯಾರನ್ನು ಕೇಳಲಿ?

ಈ ಫ್ಲೂ ಜ್ವರ ಸುಮ್ನೆ ನೆಗಡಿ ಅಲ್ವಾ ಅನ್ನುವವರಿಗೆ ಒಂದು ವಿಷಯ ಹೇಳುತ್ತೇನೆ. 1976ರ ಫೆಬ್ರುವರಿಯಲ್ಲಿ ಅಮೆರಿಕದ ಫೋರ್ಟ್ ಡಿಕ್ಸ್ ಎಂಬ ಸೇನಾ ಶಿಬಿರದಲ್ಲಿ, ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಮೈ ಹುಷಾರಿಲ್ಲದಿದ್ದರೂ ರಾತ್ರಿ ಮಾರ್ಚಿಗೆ ಹೊರಟ. ದಾರಿಯಲ್ಲಿ ಕುಸಿದು ಬಿದ್ದ, ಸತ್ತ. ಹಂದಿಜ್ವರ, ಅದೂ ಒಂದು ಬಗೆಯ ಫ್ಲೂ. ಆಮೇಲೆ ಪರೀಕ್ಷೆ ಮಾಡಿದಾಗ ಅದೇ ಶಿಬಿರದಲ್ಲಿ ಸುಮಾರು 230 ಜನರಿಗೆ ಸೋಂಕು ತಗುಲಿತ್ತು ಎಂದು ಗೊತ್ತಾಯಿತು. 1918ರ ಫ್ಲೂ ಮಹಾಜ್ವರದಲ್ಲಂತೂ ಅಮೆರಿಕದ ಶಿಬಿರಗಳಲ್ಲಿ ಹೊಸ ಸಿಪಾಯಿಗಳು ಸಾಲುಸಾಲಾಗಿ ಸತ್ತರು. ಹಡಗಿನಲ್ಲಿ ವಾಪಸಾದ ಸೈನಿಕರ ಜೊತೆಯಲ್ಲೇ ಅದು ಬಾಂಬೆಗೆ ಇಳಿಯಿತು ಅಂತಾರೆ. ನಮ್ಮ ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಹೋದರು. ಬೇರೆ ಬೇರೆ ಊರಿನ ಹುಡುಗರನ್ನು ಒಂದು ಕಡೆ ಒತ್ತಿ ಮಲಗಿಸಿದರೆ ಈ ಜ್ವರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೈ ಬಿಸಿಯಾಗುವ ಒಂದು ದಿನ ಮೊದಲೇ ಅದು ಇನ್ನೊಬ್ಬರಿಗೆ ಹರಡುತ್ತದೆ.

ನಾನಿದ್ದ ಬ್ಯಾರಕ್‌ನಲ್ಲಿ ಚಳಿಗಾಲ ಬಂತೆಂದರೆ ಮಂಚಗಳನ್ನು ದೂರ ಸರಿಸುತ್ತಿದ್ದೆವು. ಒಬ್ಬನ ತಲೆ ಈ ಕಡೆ, ಪಕ್ಕದವನ ತಲೆ ಆ ಕಡೆ. ಒಬ್ಬನ ಕೆಮ್ಮು ಇನ್ನೊಬ್ಬನ ಮುಖಕ್ಕೆ ಬರಬಾರದು ಅಂತ. ಬೆಳಿಗ್ಗೆ ಹುಷಾರಿಲ್ಲ ಎಂದು ಸಿಕ್ ರಿಪೋರ್ಟಿಗೆ ಬಂದವನನ್ನು ಉಸ್ತಾದರು, ಅಂದರೆ ತರಬೇತಿ ಕೊಡುವವರು, ಎಷ್ಟೇ ಬೈದರೂ ಜ್ವರ ಇದ್ದರೆ ಬೇರೆ ಮಲಗಿಸಲೇಬೇಕು. ಫ್ಲೂ ಲಸಿಕೆ ಹಾಕಿಸಿದರೆ ಸಾಕು ಅನ್ನುವಂತೆಯೂ ಇಲ್ಲ. 2014ರಲ್ಲಿ ಅಮೆರಿಕದ ಆರ್ಡೆಂಟ್ ಎಂಬ ಯುದ್ಧನೌಕೆಯಲ್ಲಿ 102 ಜನರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಲಸಿಕೆ ಆಗಿತ್ತು. ಆದರೂ 25 ಜನ ಮಲಗಿದರು. ಹಾಗಂತ ಲಸಿಕೆ ಬೇಡ ಎಂದಲ್ಲ, ವರ್ಷವರ್ಷವೂ ಬೇಕು. ಜೊತೆಗೆ ಜಾಗ ಬೇಕು, ನೀರು ಬೇಕು.

ನೀರಿನ ಮಾತೇ ನನಗೆ ಜಾಸ್ತಿ ಸಿಟ್ಟು ತರಿಸುವುದು. ಶಿಕಾಗೋ ಹತ್ತಿರದ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದಲ್ಲಿ 1990ರ ದಶಕದಲ್ಲಿ ಹೊಸ ಹುಡುಗರಿಗೆ ದಿನಕ್ಕೆ ಐದು ಸಲವಾದರೂ ಕೈ ತೊಳೆಯಲೇಬೇಕು ಎಂದು ಆರ್ಡರ್ ಮಾಡಿದರು. ನೆಗಡಿ, ಕೆಮ್ಮು, ಜ್ವರ ಎಂದು ಆಸ್ಪತ್ರೆಗೆ ಬರುವವರು ಶೇಕಡಾ 45ರಷ್ಟು ಕಡಿಮೆಯಾದರು. ಸೋಪು ಮತ್ತು ನೀರು, ಅಷ್ಟೇ. ನಮ್ಮಲ್ಲಿ ಕೈ ತೊಳೆಯಲು ಹೋದರೆ ನಲ್ಲಿ ಬುಸ್ ಅನ್ನುತ್ತದೆ.

ಮೂರನೇ ದಿನ ಅಳಿಯ ಮಲಗಿದ. ಆಮೇಲೆ ನಾನು, ನನ್ನ ಹಿಂದೆ ಹೆಂಡತಿ. ಮೊಮ್ಮಗಳ ನಾಮಕರಣ ತಪ್ಪಿತು. ತೊಟ್ಟಿಲಿಗೆ ಹಾಕುವುದನ್ನು ಫೋನಿನಲ್ಲಿ ನೋಡಿದೆವು. ಆಸ್ಪತ್ರೆಗೆ ಹೋದರೆ ಅಲ್ಲಿಯೂ ಜ್ವರದವರು, ಕೈಮುರಿದವರು, ಬಾಣಂತಿಯರು ಒಂದೇ ಬೆಂಚಿನಲ್ಲಿ.

ಕ್ರೀಡಾಂಗಣದ ಆ ಶೌಚಾಲಯ ಉದ್ಘಾಟನೆ ಆದ ದಿನ ನಾನೂ ಹೋಗಿದ್ದೆ. ಟೇಪು ಕತ್ತರಿಸಿದರು, ಸಂಜೆಗೆ ಬೀಗ ಬಿತ್ತು. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಒಂದು ಕಚೇರಿ ಇನ್ನೊಂದು ಕಚೇರಿಗೆ ಹೋಗಿ ಅನ್ನುತ್ತದೆ. ಪಕ್ಕದ ರಸ್ತೆ ಅಗೆದು ಎರಡು ಮಳೆಗಾಲ ಆಯಿತು. ಆ ಗುಂಡಿಯ ನೀರಿನಲ್ಲೇ ಹುಡುಗರು ಕಾಲು ತೊಳೆದದ್ದು. ಧ್ವಜ ದಿನಾಚರಣೆಗೆ ನಮ್ಮಂಥ ಮಾಜಿ ಸೈನಿಕರನ್ನು ಕರೆಸಿ ಬಿಸಿಲಲ್ಲಿ ಕೂರಿಸಿ, ಶಾಲು ಹೊದಿಸಿ ಕಳಿಸುತ್ತಾರೆ. ನಮಗೆ ಶಾಲು ಬೇಡ ಸ್ವಾಮಿ. ಆ ದುಡ್ಡಿನಲ್ಲಿ ನಾಲ್ಕು ನಲ್ಲಿ ಹಾಕಿಸಿ.

ಮುಂದಿನ ರ್‍ಯಾಲಿಗೆ ಕಲ್ಯಾಣ ಮಂಟಪ, ಶಾಲೆಗಳನ್ನು ಹುಡುಗರಿಗೆ ಬಿಟ್ಟುಕೊಡಿ. ಗೇಟಿನಲ್ಲೇ ಜ್ವರ ನೋಡಿ, ಜ್ವರ ಇದ್ದವನಿಗೆ ಇನ್ನೊಂದು ದಿನ ಕೊಡಿ, ಆಗ ಯಾರೂ ಮುಚ್ಚಿಡುವುದಿಲ್ಲ. ಇದು ಆಗುವುದಿಲ್ಲ ಎಂದರೆ ರ್‍ಯಾಲಿಯನ್ನು ಬೇರೆ ಜಿಲ್ಲೆಗೆ ಕೊಡಿ. ಬೇಡ, ಬೇರೆ ಜಿಲ್ಲೆಗೆ ಕೊಟ್ಟರೆ ನಮ್ಮ ಬಡ ಹುಡುಗರು ಬಸ್ ಚಾರ್ಜಿಗೆ ಸಾಲ ಮಾಡಬೇಕು. ಇಲ್ಲಿಯೇ ಮಾಡಿ, ಸರಿಯಾಗಿ ಮಾಡಿ. ಬಾವುಟ ಹಿಡಿದವರು ಒಂದು ರಾತ್ರಿ ಆ ಜಗಲಿ ಮೇಲೆ ಮಲಗಿ ನೋಡಲಿ. ನಾಚಿಕೆಯಾಗಬೇಕು ಇವರಿಗೆ.

– ಒಬ್ಬ ನಿವೃತ್ತ ಹವಾಲ್ದಾರ್